ರಾಗಿ ಹೂವಿಗೆ ಚಾಳೀಸು

ಸೆಪ್ಟೆಂಬರ್ ೮, ೧೯೫೯

...ಉಸಿರು ಬಿಗಿಹಿಡಿಯಬೇಕು ಎಂದಿದ್ದರೋ, ಉಸಿರಿರುವುದನ್ನೇ ಮರೆಯಬೇಕು ಎಂದಿದ್ದರೋ. ಸೂಜಿ ಹಿಡಿಯುವುದನ್ನು ಕಲಿಸಿದ ದಿನ ಸೇತುರಾಮರಾಯರು ಎರಡರಲ್ಲಿ ಒಂದನ್ನು ಹೇಳಿದ್ದರು. ಆಗ ಅವರಿಗೆ ಈ ಸರ್ಕಾರಿ ಫಾರ್ಮಿನಲ್ಲಿ ಇಷ್ಟು ದೊಡ್ಡ ಕೋಣೆ ಇರಲಿಲ್ಲ, ನನಗೆ ಇಷ್ಟು ಅನುಮಾನಗಳಿರಲಿಲ್ಲ. ಇವತ್ತು ಎರಡನ್ನೂ ಮಾಡಿ ನೋಡಿದೆ. ರಾಗಿಯ ಹೂವು ಮಂಜಾಗಿಯೇ ಉಳಿಯಿತು.

ಕೊಡೆ ಹಿಡಿಯಲು ಈ ಸಲ ಹೆಬ್ಬಾಳದ ಸೊಣ್ಣಮ್ಮನನ್ನು ಕೊಟ್ಟಿದ್ದಾರೆ. ಗಾಳಿ ತಡೆಯಬೇಕು, ತೆನೆಯ ಮೇಲೆ ನೆರಳೂ ಬೀಳಬಾರದು. ಹಾಗೆ ಕೊಡೆ ಹಿಡಿಯುವುದು ಸುಲಭವಲ್ಲ. ಆಕೆ ಬೇಗ ಕಲಿತಳು. ಸುಮ್ಮನಿರುವುದನ್ನು ಮಾತ್ರ ಕಲಿಯಲಿಲ್ಲ.

"ಅದೇನ್ ಕೀಳ್ತಾ ಇದೀರಿ ಸ್ವಾಮಿ?"

ಹೇಳಿದೆ. ರಾಗಿಯ ಒಂದೊಂದು ಹೂವಿನಲ್ಲೂ ಗಂಡೂ ಇದೆ, ಹೆಣ್ಣೂ ಇದೆ. ಗಂಡಿನದು ಪರಾಗದ ಮೂರು ಚೀಲ. ಹೂವು ನಾಳೆ ನಸುಕಿನಲ್ಲಿ ಬಿರಿಯುತ್ತದೆ. ಅದಕ್ಕೆ ಮೊದಲು, ಇವತ್ತೇ, ಸೂಜಿಯ ಮೊನೆಯಿಂದ ಬಿಡಿಸಿ ಮೂರನ್ನೂ ತೆಗೆದುಬಿಡಬೇಕು. ಒಂದು ಉಳಿದರೂ ಹೂವು ತನ್ನ ಪರಾಗದಿಂದ ತಾನೇ ಕಾಳು ಕಟ್ಟಿಕೊಳ್ಳುತ್ತದೆ. ಮೂರೂ ಹೋದರೆ ಬೆಳಿಗ್ಗೆ ಬೇರೆ ತಳಿಯ ಪರಾಗವನ್ನು ತಂದು ಉದುರಿಸಬಹುದು.

"ದಿನಾ ಇಷ್ಟೊಂದು ಗಂಡಸ್ರನ್ನ ಕಿತ್ತಾಕ್ತೀರಲ್ಲ, ಪಾಪ ಬರಾಕಿಲ್ವ ನಿಮ್ಗೆ?"

"ಸರ್ಕಾರದ ಕೆಲಸ. ಪಾಪವೂ ಸರ್ಕಾರಕ್ಕೇ."

"ಅಂಗಾದ್ರೆ ನಮ್ಮನೇ ತಾವ್ಕೂ ಒಂದ್ ಸಲ ಬಂದೋಗಿ" ಎಂದಳು. ಪಕ್ಕದ ತಾಕಿನಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ನಕ್ಕರು. ನಾನೂ ನಕ್ಕೆ ಅನ್ನಿಸುತ್ತದೆ.

ತಾಯಿ ನಮ್ಮ ಸೀಮೆಯ ಹಸಿರು ರಾಗಿ. ಇಳುವರಿ ಉಂಟು, ಬೆಂಕಿರೋಗ ತಗಲಿದರೆ ನಿಲ್ಲುವುದಿಲ್ಲ. ತಂದೆ ಹಡಗಿನಲ್ಲಿ ಬಂದ ತಳಿ; ರೋಗವನ್ನು ತಡೆಯುತ್ತದೆ, ಗಿಣ್ಣೆಲ್ಲ ನೇರಳೆ ಬಣ್ಣ. ಇವೆರಡೂ ಕೂಡಿ ಹುಟ್ಟಿದ ಸಸಿಯಾದರೆ ಬುಡದಲ್ಲಿ ನೇರಳೆ ಕಾಣಬೇಕು. ಹಸಿರಾಗಿ ಬಂದರೆ ಅದು ತಾಯಿಯೊಬ್ಬಳದು, ಅಂದರೆ ಸೂಜಿ ಸೋತಿದೆ. ಎರಡು ವರ್ಷ ಎಲ್ಲವೂ ಹಸಿರೇ ಬಂದಿವೆ. ಇದು ಕಡೆಯ ಸಲ ಎಂದು ರಾಯರು ಹೇಳಿದ್ದಾರೆ. ಈ ಸಲವೂ ಹಸಿರಾದರೆ ತಾಕು ಬೇರೆ ಕೆಲಸಕ್ಕೆ, ನಾನು ಬೀಜದ ಉಗ್ರಾಣಕ್ಕೆ. ಉಗ್ರಾಣದಲ್ಲಿ ಮೂಟೆಗಳಿವೆ, ಇಲಿಗಳಿವೆ. ಹತ್ತಿರದಿಂದ ನೋಡಬೇಕಾದದ್ದು ಏನೂ ಇಲ್ಲ.

ಸೆಪ್ಟೆಂಬರ್ ೧೧

ಜಕ್ಕೂರಿನಿಂದ ಎದ್ದ ಸಣ್ಣ ವಿಮಾನವೊಂದು ತಾಕಿನ ಮೇಲೆ ಸುತ್ತು ಹಾಕುತ್ತಿತ್ತು. ರೆಕ್ಕೆಯ ಕೆಳಗೆ ಬರೆದ ಅಕ್ಷರಗಳನ್ನು ಒಂದೂ ಬಿಡದೆ ಓದಿದೆ. ಆಮೇಲೆ ಮಡಿಲಲ್ಲಿದ್ದ ತೆನೆಗೆ ಕಣ್ಣು ತಂದರೆ ಹೂವೂ ಇಲ್ಲ, ಸೂಜಿಯ ಮೊನೆಯೂ ಇಲ್ಲ, ಬರೀ ಹಸಿರು ಹೊಗೆ. ಕಣ್ಣು ಅಲ್ಲಿಂದ ಇಲ್ಲಿಗೆ ಬರಲು ಒಲ್ಲೆನೆನ್ನುತ್ತದೆ. ತಲೆಯನ್ನು ಹಿಂದಕ್ಕೆ ಎಳೆದರೆ ಕಾಣುತ್ತದೆ, ಆದರೆ ಅಷ್ಟು ದೂರದಿಂದ ಕೈ ನಡುಗುತ್ತದೆ.

ಪಕ್ಕದ ತಾಕಿನ ಮೊಯಿನುದ್ದೀನ್ ಬಂದು ಬದುವಿನ ಮೇಲೆ ಕೂತರು. ನಾವಿಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು.

"ಅಯ್ಯಂಗಾರ್ರೇ, ವಯಸ್ಸೆಷ್ಟಾಯ್ತು ನಿಮ್ಗೆ?"

"ನಲವತ್ನಾಲ್ಕು."

"ನಲವತ್ತಕ್ಕೆ ಚಾಳೀಸು ಬರುತ್ತೆ. ನೀವು ನಾಲ್ಕು ವರ್ಷ ಲೇಟು. ಇರ್ಲಿ ಬಿಡಿ, ಸರ್ಕಾರಿ ನೌಕರರು."

"ಕಣ್ಣು ಸರಿಯಾಗಿದೆ. ಮೋಡ ಇದೆ, ಬೆಳಕು ಸಾಲದು."

"ಬೆಳಕಿನ ಮೇಲೆ ಹಾಕ್ತೀರಾ? ಪಾಪ, ಅದಕ್ಕೆ ಬಾಯಿಲ್ಲ" ಎಂದು ತಮ್ಮ ಕನ್ನಡಕ ತೆಗೆದು ಕೊಡಲು ಬಂದರು. ಇನ್ನೊಬ್ಬರ ಕನ್ನಡಕ ಹಾಕಿಕೊಂಡರೆ ಇರುವ ಕಣ್ಣೂ ಕೆಡುತ್ತದೆ ಎಂದೆ. ಎಲ್ಲಿ ಕೇಳಿದ್ದೋ ಗೊತ್ತಿಲ್ಲ.

ನನಗೆ ಡಿಗ್ರಿ ಇಲ್ಲ. ಫಾರ್ಮಿಗೆ ಬಂದವರಿಗೆಲ್ಲ ನನ್ನನ್ನು ತೋರಿಸುವುದು ಸೂಜಿಯ ಜಯಸಿಂಹ ಎಂದು. ಸೂಜಿ ಹೋದರೆ ಉಳಿಯುವ ಹೆಸರು ತೀರಾ ಚಿಕ್ಕದು.

ಸೆಪ್ಟೆಂಬರ್ ೧೩, ಭಾನುವಾರ

ಮಗಳು ಸೀತಾಳ ಕಾಗದ ಗಡಿಯಾರದ ಹಿಂದೆ ಕೂತು ಎರಡು ದಿನವಾಗಿತ್ತು. ಮದುವೆಯಾಗಿ ದಾವಣಗೆರೆಗೆ ಹೋದಮೇಲೆ ಒಂದೇ ಹಾಳೆಯಲ್ಲಿ ಒಂದು ತಿಂಗಳನ್ನು ತುಂಬುವುದು ಅವಳಿಗೆ ಅಭ್ಯಾಸವಾಗಿದೆ. ಅಕ್ಷರಗಳು ಸಾಸಿವೆಯಷ್ಟು.

"ನೀವೇ ಓದಿ. ನಿಮ್ಮ ಬಾಯಲ್ಲಿ ಕೇಳೋಣ" ಎಂದಳು ಗೋದಾ.

"ನೀನು ಓದ್ತಿರು. ನಾನು ಕೈಕಾಲು ತೊಳ್ಕೊಂಡು ಬರ್ತೀನಿ."

"ಒಲೆ ಮೇಲೆ ಸಾರಿದೆ."

"ಸಾರು ಎಲ್ಲೂ ಓಡಿಹೋಗಲ್ಲ."

"ಕಾಗದಾನೂ ಹೋಗಲ್ಲ ಬಿಡಿ."

ಹೀಗೆ ಎರಡು ದಿನ. ಇವತ್ತು ಬೆಳಿಗ್ಗೆ ಹಿತ್ತಲ ಬಿಸಿಲಿಗೆ ತಂದು, ತೋಳು ನೀಡಿ ಹಿಡಿದು ಓದಿದೆ. ಗೋದಾ ಬಾವಿಕಟ್ಟೆಯ ಹತ್ತಿರ ನಿಂತು ಕೇಳಿದಳು.

"ಅಷ್ಟು ದೂರ ಹಿಡ್ಕೊಂಡ್ರೆ ಕಾಣುತ್ತಾ?" ಎಂದಳು, ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವ ಹಾಗೆ.

"ಬಿಸಿಲು ಕಣ್ಣಿಗೆ ಹೊಡೀತಿದೆ, ಅದಕ್ಕೆ" ಎಂದೆ.

ಕಡೆಯ ಎರಡು ಸಾಲು ಸಿಕ್ಕಲಿಲ್ಲ. ಅಪ್ಪ ಅಮ್ಮನಿಗೆ ನಮಸ್ಕಾರ ಎಂದು ಓದಿ ಮಡಚಿಟ್ಟೆ.

ಸೆಪ್ಟೆಂಬರ್ ೧೬

ಅನ್ನದಲ್ಲಿ ಕಲ್ಲು. ಈ ವಾರದಲ್ಲಿ ಇದು ಎರಡನೆಯದು, ದವಡೆಯಿಂದ ಕಿವಿಯವರೆಗೆ ಸದ್ದಾಯಿತು. ಅಕ್ಕಿ ಆರಿಸುವುದರಲ್ಲಿ ಗೋದಾಳಿಗೆ ಮೊದಲಿನ ಶ್ರದ್ಧೆ ಇಲ್ಲ. ಮಧ್ಯಾಹ್ನವೆಲ್ಲ ಹಿಂದಿನ ಬೀದಿಯ ಗೋಪಾಲಮ್ಮನವರ ಜಗುಲಿಯಲ್ಲಿ ಹಿಂದಿ ಕಲಿಯಲು ಹೋಗುತ್ತಾಳೆ. ಯಲಹಂಕದ ಹೆಂಗಸರಿಗೆ ಈ ವಯಸ್ಸಿನಲ್ಲಿ ಹಿಂದಿ ಏಕೆ ಎಂದು ಕೇಳಲಿಲ್ಲ. ರಾತ್ರಿ ಊಟಕ್ಕೆ ಬಡಿಸುವಾಗ ಪರೀಕ್ಷೆಯ ವಿಚಾರ ಏನೋ ಹೇಳಿದಳು. ನಾಲಿಗೆ ಹಲ್ಲನ್ನು ತಡವುತ್ತಿತ್ತು. ಹೂಂ ಎಂದೆ.

ಸೆಪ್ಟೆಂಬರ್ ೧೮

ರಾಯರು ತಾಕಿಗೆ ಬಂದರು. ಬದುವಿನ ಮೇಲೆ ನಿಂತೇ ಕೇಳಿದರು.

"ಹೇಗ್ರೀ ನಡೀತಿದೆ?"

"ನಡೀತಿದೆ ಸಾರ್."

"ಕಣ್ಣು ಗಿಣ್ಣು ಸರಿಯಾಗಿದೆಯೇನ್ರೀ? ಎರಡು ವರ್ಷ ಒಂದೂ ಕೂಡಿಕೊಳ್ಳಲಿಲ್ಲ ಅಂದ್ರೆ ಸ್ವಲ್ಪ ಯೋಚನೆ ಆಗುತ್ತೆ."

"ಸರಿಯಾಗಿದೆ ಸಾರ್" ಎಂದೆ. ತಡವರಿಸಲಿಲ್ಲ. ಅವರು ಹೋದಮೇಲೆ ಸೊಣ್ಣಮ್ಮ ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. ಆಕೆ ಏನಾದರೂ ಹೇಳಿದ್ದರೆ ಚೆನ್ನಾಗಿತ್ತು.

ಆಮೇಲೆ ಎಂಟು ಹತ್ತು ಹೂವು ಬಿಡಿಸಿದೆ. ಮೂರು ಮೂರು ಎಂದು ಬೆರಳು ಎಣಿಸುತ್ತಿತ್ತು. ಕಣ್ಣು ಎಣಿಸುತ್ತಿರಲಿಲ್ಲ.

ಸೆಪ್ಟೆಂಬರ್ ೨೧

ಅರ್ಧ ದಿನ ರಜೆ ಹಾಕಿ ಚಿಕ್ಕಪೇಟೆಗೆ ಹೋದೆ. ಕನ್ನಡಕದ ಅಂಗಡಿಯ ವಹಾಬ್ ಸಾಹೇಬರು ಕೈಗೆ ಒಂದು ರಟ್ಟು ಕೊಟ್ಟರು. ಮೇಲೆ ದೊಡ್ಡ ಅಕ್ಷರ, ಕೆಳಗಿಳಿದಂತೆ ಸಣ್ಣದು. ಮೂರನೆಯ ಸಾಲಿನಿಂದಾಚೆಗೆ ಇರಬಹುದಾದ ಮಾತುಗಳನ್ನು ಊಹಿಸಿ ಹೇಳುತ್ತಾ ಹೋದೆ.

"ಸ್ವಾಮಿ, ಬಾಯಿಪಾಠ ಬೇಡ. ಕಂಡಿದ್ದು ಹೇಳಿ. ನಾನು ಪಾಸು ಫೇಲು ಮಾಡೋನಲ್ಲ."

ಕಂಡದ್ದನ್ನು ಹೇಳಿದೆ. ಬೇಗ ಮುಗಿಯಿತು. ನಾಡಿದ್ದು ಬೆಳಿಗ್ಗೆ ಸಿಗುತ್ತದೆ. ವಿಷಯ ಗೋದಾಳಿಗೆ ಹೇಳಿದೆ. "ಒಳ್ಳೇದು" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಅಲ್ಲಿ ಹೆಂಗಸರೂ ಬರ್ತಾರಾ?" ಎಂದು ಕೇಳಿದಳು. ಗಮನಿಸಲಿಲ್ಲ ಎಂದೆ.

ಸೆಪ್ಟೆಂಬರ್ ೨೩

ಮೊದಲು ನೋಡಿದ್ದು ನನ್ನ ಕೈ. ಈ ಕೈಯನ್ನು ಈಚಿನ ವರ್ಷಗಳಲ್ಲಿ ನಾನು ನೋಡಿಯೇ ಇರಲಿಲ್ಲ. ಉಗುರಿನ ಸಂದಿನಲ್ಲಿ ಮಣ್ಣು, ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು. ಮುದುಕನದಲ್ಲದ, ಆದರೆ ಪರಿಚಯವೂ ಇಲ್ಲದ ಕೈ.

ಆಮೇಲೆ ನೆನ್ನೆ ಬಿಡಿಸಿದ ತೆನೆಗೆ ಬೇರೆ ಪರಾಗ ತಗಲದಂತೆ ಕಟ್ಟಿದ್ದ ಕಾಗದದ ಚೀಲ ತೆಗೆದೆ. ಒಂದು ಹೂವನ್ನು ಸೂಜಿಯಿಂದ ಅಗಲಿಸಿದೆ. ಪರಾಗದ ಒಂದು ಚೀಲ ಅಲ್ಲೇ ಇತ್ತು. ಬಿರಿದು, ಖಾಲಿಯಾಗಿ, ತನ್ನ ಕೆಲಸ ಮುಗಿಸಿ ಕೂತಿತ್ತು. ಇನ್ನೊಂದು ಹೂವಿನಲ್ಲಿ ಎರಡು. ಮೊನ್ನೆಯ ತೆನೆಯಲ್ಲಿ ಮೂರೂ ಇದ್ದ ಹೂವು ಸಿಕ್ಕಿತು. ನಾನು ಅದರಿಂದ ಏನು ಕಿತ್ತಿದ್ದೆನೋ ತಿಳಿಯದು.

ಇನ್ನು ಉಳಿದ ಚೀಲಗಳನ್ನು ಬಿಚ್ಚಲಿಲ್ಲ. ಈ ತಿಂಗಳು ಕಟ್ಟಿದವೆಲ್ಲ ಹೀಗೆಯೇ ಆಗಿರಬೇಕು. ಚೀಲಗಳು ಸಾಲಾಗಿ ಗಾಳಿಗೆ ತೂಗುತ್ತಿದ್ದವು. ದೂರದಿಂದ ನೋಡಿದವರಿಗೆ ಕೆಲಸ ಅಚ್ಚುಕಟ್ಟಾಗಿ ನಡೆದಿದೆ ಅನ್ನಿಸುತ್ತದೆ.

"ಕನ್ನಡ್ಕ ಆಕ್ಕೊಂಡ್ರೆ ಇಸ್ಕೂಲ್ ಮೇಷ್ಟ್ರಂಗೆ ಕಾಣ್ತೀರಿ ಸ್ವಾಮಿ" ಎಂದಳು ಸೊಣ್ಣಮ್ಮ. "ನಂಗೆ ಒಡೀಬ್ಯಾಡಿ ಮತ್ತೆ."

ತಡವಾಗಿ ಬಿತ್ತಿದ ಒಂದು ಪಟ್ಟಿ ಮಾತ್ರ ಹೂ ಬಿಡುವುದು ಬಾಕಿ ಇದೆ. ವಾರ ನಡೆಯಬಹುದು. ಯಾರಿಗೂ ಹೇಳಲಿಲ್ಲ.

ಸೆಪ್ಟೆಂಬರ್ ೨೬, ಶನಿವಾರ

ತಾಕಿನಲ್ಲಿ ಕೂತು ಕನ್ನಡಕದ ಡಬ್ಬಿ ತೆಗೆದರೆ ಒಳಗೆ ಒರೆಸುವ ಬಟ್ಟೆ ಮಾತ್ರ. ಪಟ್ಟಿಯ ಅರ್ಧ ಇವತ್ತು ಹೂವಿಗೆ ಬಂದಿತ್ತು. ಯಲಹಂಕಕ್ಕೆ ಹೋಗಿ ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಮೊಯಿನುದ್ದೀನ್ ಪೇಟೆಗೆ ಹೋಗಿದ್ದರು. ಕಾಣದೆಯೇ ಬಿಡಿಸಿದೆ. ಹಳೆಯ ಅಭ್ಯಾಸ.

ಮನೆಗೆ ಬಂದಾಗ ಗೋದಾ ಒಳ್ಳೆಯ ಸೀರೆಯಲ್ಲೇ ಕೂತಿದ್ದಳು. ಕನ್ನಡಕ ಅವಳ ಮಡಿಲಲ್ಲಿತ್ತು.

"ಇವತ್ತು ಪರೀಕ್ಷೆ ಅಂತ ಹೇಳಿದ್ದೆ. ನೀವು ಹೂಂ ಅಂದ್ರಿ."

"ಪರೀಕ್ಷೆ ಅಂದೆ. ಕನ್ನಡಕ ಅನ್ನಲಿಲ್ಲ."

"ಕೇಳಿದ್ರೆ ಕೊಡ್ತಿದ್ರಾ?"

"ಹೂವಿಗೆ ನಾಳೆ ಅನ್ನೋದಿಲ್ಲ ಗೋದಾ."

"ಪರೀಕ್ಷೆಗಿದೆಯಾ?"

ಮೊನ್ನೆ ನಾನು ಸ್ನಾನಕ್ಕೆ ಹೋಗಿದ್ದಾಗ ಹಾಕಿಕೊಂಡು ನೋಡಿದಳಂತೆ. ಪುಸ್ತಕದ ಅಕ್ಷರ ಕಂಡಿತಂತೆ. ಅಷ್ಟು ದಿನ ಗೋಪಾಲಮ್ಮನವರು ಓದಿದ್ದನ್ನು ಕೇಳಿ ಕೇಳಿ ಬಾಯಿಪಾಠ ಮಾಡುತ್ತಿದ್ದಳಂತೆ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ.

"ಎರಡು ವರ್ಷ ಇರಬಹುದು. ಸೂಜಿಗೆ ದಾರ ಪೋಣಿಸೋಕೆ ಪಕ್ಕದ ಮನೆಯವರನ್ನ ಕರೀತಿದ್ದೆನಲ್ಲ."

ಕರೆಯುತ್ತಿದ್ದಳು. ಹರಟೆಗೆ ಕರೆಯುತ್ತಾಳೆ ಎಂದುಕೊಂಡಿದ್ದೆ.

 ಪಟ್ಟಿಯ ಅರ್ಧ ಹೋಯಿತು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿದೆ. ಬೇರೆ ಏನನ್ನೋ ಯೋಚಿಸಬೇಕಾಗಿತ್ತು ಅನ್ನಿಸಿದರೂ ಅದು ಯಾವುದು ಎಂದು ಹುಡುಕುವಷ್ಟು ತ್ರಾಣವಿಲ್ಲ.

ಸೆಪ್ಟೆಂಬರ್ ೩೦

ಕಡೆಯ ತೆನೆ. ಕನ್ನಡಕ ಹಾಕಿಕೊಂಡು, ಸೊಣ್ಣಮ್ಮ ಎರಡೂ ಕೈಯಲ್ಲಿ ಕೊಡೆ ಹಿಡಿದು, ನಿಧಾನವಾಗಿ. ಒಂದೊಂದೂ ಹೊರಗೆ ಬರುವುದು ಕಂಡಿತು. ಬೆವರು ಗಾಜಿನ ಮೇಲೆ ಬಿದ್ದಾಗ ಆಕೆ ಸೆರಗಿನಿಂದ ಒರೆಸಿ ಮತ್ತೆ ಮೂಗಿನ ಮೇಲೆ ಕೂರಿಸಿದಳು. ಚೀಲ ಕಟ್ಟಿದ ಮೇಲೆ ಮಳೆ ಬಂತು. ಬೆಳಿಗ್ಗೆ ಪರಾಗ ಒದ್ದೆಯಾಗಿರದಿದ್ದರೆ ಸಾಕು.

ನವೆಂಬರ್ ೧೯

ಬರೆಯುವಂಥದ್ದೇನೂ ಇರಲಿಲ್ಲ. ತೆನೆ ಕೊಯ್ದಾಯಿತು, ಕಾಳು ಲಕೋಟೆಗಳಲ್ಲಿ ಸೇರಿತು. ರಾಯರು ದೂರದಿಂದ ಬರುವುದು ಕಂಡಾಗಲೆಲ್ಲ ಕನ್ನಡಕ ತೆಗೆದು ಜೇಬಿಗೆ ಹಾಕುತ್ತೇನೆ. ದೂರದ್ದು ಚೆನ್ನಾಗಿ ಕಾಣುವುದರಿಂದ ಇದೊಂದು ಅನುಕೂಲ.

ಗೋಪಾಲಮ್ಮನವರು ಮನೆಗೆ ಬಂದು ಗೋದಾ ಪಾಸಾದಳು ಎಂದು ನನಗೆ ಹೇಳಿದರು. "ನಿಮಗೆ ಹೇಳಿರ್ತಾಳೆ ಅಂದ್ಕೊಂಡೆ" ಎಂದರು. ಹೇಳಿದ್ದಾಳೆ ಎಂದೆ. ಮುಂದಿನ ಪರೀಕ್ಷೆ ಫೆಬ್ರವರಿಯಲ್ಲಂತೆ.

ಡಿಸೆಂಬರ್ ೧೨

ಫಾರ್ಮಿನಲ್ಲಿ ಈಗ ಹತ್ತಿರದ ಕೆಲಸ ಕಡಿಮೆ. ಕನ್ನಡಕವನ್ನು ಗೂಡಿನಲ್ಲಿ ಬಿಟ್ಟು ಹೋಗುತ್ತೇನೆ. ಸಂಜೆ ತೆಗೆದುಕೊಂಡಾಗ ಮೂಗಿನ ಮೇಲೆ ಕೂರುವ ಕಡೆ ಅರಿಸಿನ ಹತ್ತಿರುತ್ತದೆ. ಮೊದಮೊದಲು ಒರೆಸುತ್ತಿದ್ದೆ.

ಪತ್ರಿಕೆಯನ್ನು ಈಗ ಅವಳೇ ಓದಿ ಹೇಳುತ್ತಾಳೆ. ಒಂದೇ ಕನ್ನಡಕವಾದ್ದರಿಂದ ಒಬ್ಬರು ಓದಿದರೆ ಇನ್ನೊಬ್ಬರು ಕೇಳಬೇಕು. ಇನ್ನೊಂದು ಮಾಡಿಸಬೇಕು ಎಂದು ಆಗಾಗ ಹೇಳುತ್ತೇನೆ. ಮುಂದಿನ ತಿಂಗಳು ಎನ್ನುತ್ತಾಳೆ. ಪತ್ರಿಕೆ ಮುಗಿದಮೇಲೆ ಹಿಂದಿಯ ಪಾಠ ಗಟ್ಟಿಯಾಗಿ ಓದುತ್ತಾಳೆ. ಒಂಟೆಯ ಮೇಲೆ ಕೂತು ಎಲ್ಲಿಗೋ ಹೊರಟ ವರ್ತಕನ ಕಥೆ. ಅರ್ಧ ಅರ್ಥವಾಗುತ್ತದೆ. ನೆನ್ನೆ ಅವಳು ಮಧ್ಯದಲ್ಲಿ ನಿಲ್ಲಿಸಿ ಒಳಗೆ ಹೋದಾಗ ಆ ಒಂಟೆ ಏನಾಯಿತು ಎಂದು ಕೇಳಿದೆ.

"ನಿಮಗೆ ಯಾಕೆ ಒಂಟೆ ಚಿಂತೆ? ಪರೀಕ್ಷೆ ನನಗೆ" ಎಂದಳು. ನಗುತ್ತಿದ್ದಳು ಅನ್ನಿಸಿತು. ಅಷ್ಟು ದೂರದ್ದು ನನಗೆ ಕಾಣುತ್ತದೆ.

ಈಚೆಗೆ ಅನ್ನದಲ್ಲಿ ಕಲ್ಲು ಸಿಗುತ್ತಿಲ್ಲ. ಅಂಗಡಿ ಬದಲಾಯಿಸಿರಬೇಕು.

ಜನವರಿ ೧೯, ೧೯೬೦

ಬಿತ್ತಿದೆವು. ಒಂದೊಂದು ತೆನೆಯ ಕಾಳಿಗೆ ಒಂದೊಂದು ಸಾಲು. ಮೊದಲು ಸೆಪ್ಟೆಂಬರಿನ ಆರಂಭದವು, ಕಟ್ಟಕಡೆಗೆ ಮಳೆ ಬಂದ ದಿನದ್ದು. ಕಡೆಯದರ ಕಾಳು ಅಂಗೈಯ ಮಧ್ಯದ ಗುಳಿಗೂ ಸಾಲದು.

"ತಿಂಗಳು ಆಗ್ಲಿ. ಫೆಬ್ರವರಿ ಇಪ್ಪತ್ತಕ್ಕೆ ನಾನೇ ಬರ್ತೀನಿ" ಎಂದರು ರಾಯರು. "ನೀವು ನನ್ನೆದುರಿಗೇ ಹಸಿರು ಸಸಿ ಕೀಳ್ತಾ ಹೋಗಿ. ಏನಾದ್ರೂ ಉಳಿದ್ರೆ ಮುಂದಕ್ಕೆ ಹೋಗೋಣ. ಇಲ್ಲದಿದ್ರೆ ಉಗ್ರಾಣಕ್ಕೆ ಬರೆದುಹಾಕ್ತೀನಿ. ಬೇಜಾರು ಮಾಡ್ಕೋಬೇಡಿ."

ಮಾಡಿಕೊಳ್ಳುವುದಿಲ್ಲ ಎಂದೆ.

ಫೆಬ್ರವರಿ ೧೭

ಸಸಿಗಳು ಗೇಣುದ್ದ ಬಂದಿವೆ. ಬುಡದಲ್ಲಿ ಬಣ್ಣ ತೋರಬೇಕಾದರೆ ಈಗಾಗಲೇ ತೋರಿರುತ್ತದೆ. ಬಗ್ಗಿ ಎಲೆ ಸರಿಸಿದರೆ ಸಾಕು. ಕನ್ನಡಕ ಜೇಬಿನಲ್ಲೇ ಇತ್ತು. ದಿನವೂ ಸಾಲಿನ ತಲೆಯವರೆಗೆ ಹೋಗಿ ನಿಂತು, ನೀರು ಕಟ್ಟಲು ಹೇಳಿ ಬರುತ್ತೇನೆ. ಇವತ್ತೂ ಬಗ್ಗಲಿಲ್ಲ. ಕಾಣದೆ ಇದ್ದ ದಿನ ನೋಡಲು ಹೆಣಗಿದವನು ಕಾಣುವಾಗ ನೋಡುತ್ತಿಲ್ಲ. ಇದರಲ್ಲಿ ತಮಾಷೆ ಇರಬಹುದು, ನನಗೆ ನಗು ಬರಲಿಲ್ಲ.

ರಾತ್ರಿ ಊಟವಾದಮೇಲೆ ಗೋದಾ ಹೇಳಿದಳು, "ಶನಿವಾರ ಪರೀಕ್ಷೆ. ಮಲ್ಲೇಶ್ವರದಲ್ಲಿ. ಈ ಸಲ ಕೇಳ್ತಿದೀನಿ."

"ಶನಿವಾರ ರಾಯರು ಬರ್ತಾರೆ."

"ಓ. ಅವತ್ತೇನಾ?"

"ಅವತ್ತೇ. ಸಸಿ ಕೀಳಬೇಕು. ಬುಡ ಕಾಣದಿದ್ದರೆ ಯಾವುದನ್ನ ಕೀಳಬೇಕು, ಯಾವುದನ್ನ ಬಿಡಬೇಕು ಗೊತ್ತಾಗಲ್ಲ."

ಅವಳು ತಟ್ಟೆಗಳನ್ನು ಒಂದರೊಳಗೊಂದು ಇಟ್ಟಳು. "ಹೋಗ್ಲಿ ಬಿಡಿ. ಪರೀಕ್ಷೆ ಆಗಸ್ಟ್‌ನಲ್ಲಿ ಮತ್ತೆ ಬರುತ್ತೆ."

ಸರಿ ಎಂದೆ. ಸರಿಯಾಗಿತ್ತು ಕೂಡ. ಲೆಕ್ಕ ಹಾಕಿದರೆ ನನ್ನ ಕಡೆಗೇ ಬರುತ್ತದೆ. ಆಗಸ್ಟಿನ ಹೊತ್ತಿಗೆ ನನ್ನ ತಾಕು ಇರುವುದಿಲ್ಲ, ಅವಳ ಪರೀಕ್ಷೆ ಇರುತ್ತದೆ.

ಇವತ್ತು ಅವಳು ಪಾಠ ಓದಲಿಲ್ಲ.

ಫೆಬ್ರವರಿ ೧೮

ವಹಾಬ್ ಸಾಹೇಬರ ಅಂಗಡಿ ಮುಚ್ಚಿದೆ. ಊರಿಗೆ ಹೋಗಿದ್ದಾರೆ ಎಂದು ಪಕ್ಕದ ಅಂಗಡಿಯವರು ಹೇಳಿದರು. ಬೇರೆ ಅಂಗಡಿಯವರು ಇನ್ನೊಂದು ಕನ್ನಡಕಕ್ಕೆ ಒಂದು ವಾರ ಬೇಕು ಎಂದರು. ಬಸ್ಸಿನಲ್ಲಿ ನಿಂತೇ ಬಂದೆ.

ಫೆಬ್ರವರಿ ೨೦, ಶನಿವಾರ. ಫಾರ್ಮಿನಲ್ಲಿ

ಬೆಳಿಗ್ಗೆ ನೋಡಿದಾಗ ಕನ್ನಡಕದ ಡಬ್ಬಿ ನನ್ನ ಬುತ್ತಿಯ ಪಕ್ಕದಲ್ಲಿತ್ತು. ಗೋದಾ ದಿನದ ಸೀರೆಯಲ್ಲೇ ಹಿತ್ತಲಲ್ಲಿದ್ದಳು. ಅವಳ ಪೆನ್ನೂ ಪರೀಕ್ಷೆಯ ಚೀಟಿಯೂ ದೇವರ ಗೂಡಿನಲ್ಲಿ ಹಾಗೆಯೇ ಇದ್ದವು. ಡಬ್ಬಿಯನ್ನು ತೆಗೆದು ಪೆನ್ನಿನ ಪಕ್ಕದಲ್ಲಿಟ್ಟೆ. "ಬಸ್ಸು ಎಂಟಕ್ಕೆ" ಎಂದು ಹಿತ್ತಲಿಗೆ ಕೇಳುವಂತೆ ಹೇಳಿ ಹೊರಟೆ. ಅವಳು ಏನೋ ಹೇಳಿದಳು. ಸೈಕಲ್ಲಿನ ಸರಪಳಿಯ ಸದ್ದಿನಲ್ಲಿ ಕೇಳಲಿಲ್ಲ, ಅಥವಾ ನಾನು ನಿಲ್ಲಲಿಲ್ಲ.

ರಾಯರು ಹತ್ತಕ್ಕೆ ಬಂದರು. ಮೊಯಿನುದ್ದೀನ್ ಮದುವೆಗೆಂದು ರಜೆಯಲ್ಲಿದ್ದಾರೆ. ನಾನು, ರಾಯರು, ಬುಟ್ಟಿ ಹಿಡಿದ ಸೊಣ್ಣಮ್ಮ.

"ಶುರು ಮಾಡಿ" ಎಂದರು.

ಮೊದಲ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಆರಂಭದ ಸಾಲುಗಳಲ್ಲಿ ಹೆದರಿಕೆ ಇರಲಿಲ್ಲ. ಅವು ಹಸಿರೆಂದು ನನಗೆ ಗೊತ್ತು. ಕಣ್ಣಿಲ್ಲದೆಯೂ ಕೀಳಬಹುದು. ಕಿತ್ತೆ. ರಾಯರು ಮೇಲಿನಿಂದ ನೋಡುತ್ತಿದ್ದರು. ಸೊಣ್ಣಮ್ಮನ ಬುಟ್ಟಿ ತುಂಬುತ್ತಾ ಬಂತು. ಹೀಗೆಯೇ ಕಡೆಯವರೆಗೂ ಹೋಗಿಬಿಡಬಹುದಿತ್ತು. ನೋಡುವವರಿಗೆ ಪಳಗಿದ ಕೈಯೇ ಕಾಣುತ್ತಿತ್ತು.

ಕಡೆಯ ಪಟ್ಟಿಗೆ ಬಂದಾಗ ಕೈ ನಿಂತಿತು. ಬುಡಗಳೆಲ್ಲ ಒಂದೇ ಹೊಗೆ. ಇದರಲ್ಲಿ ಒಂದೇ ಒಂದು ನೇರಳೆ ಇದ್ದರೂ ಅದನ್ನು ನನ್ನ ಕೈಯೇ ಕಿತ್ತು ಬುಟ್ಟಿಗೆ ಹಾಕುತ್ತದೆ. ಹಾಕಿದ್ದು ಯಾರಿಗೂ ಗೊತ್ತಾಗುವುದಿಲ್ಲ, ನನಗೂ.

ಸೊಣ್ಣಮ್ಮನ ಕಡೆ ನೋಡಿದೆ. ಆಕೆ ಬಗ್ಗಿ, ಕಣ್ಣು ಕಿರಿದು ಮಾಡಿ, ಮೆಲ್ಲಗೆ ಹೇಳಿದಳು, "ನಂಗೂ ಸಂದಾಕೆ ಕಾಣಾಕಿಲ್ಲ ಸ್ವಾಮಿ. ವಯಸ್ಸೇನ್ ನಿಮ್ಗೊಬ್ರಿಗೇ ಆಗೈತಾ?"

"ಯಾಕ್ರೀ ನಿಲ್ಲಿಸಿದ್ರಿ?" ಎಂದರು ರಾಯರು.

"ಕಾಣಿಸೋದಿಲ್ಲ ಸಾರ್."

"ಏನು?"

"ಹತ್ತಿರದ್ದು. ಬುಡ ಕಾಣಿಸ್ತಿಲ್ಲ. ಈ ಪಟ್ಟಿ ನಾನು ಕೀಳೋ ಹಾಗಿಲ್ಲ."

"ಎಷ್ಟು ದಿನದಿಂದ?"

"ಎರಡು ವರ್ಷ ಇರಬಹುದು. ಸೆಪ್ಟೆಂಬರಿನ ಮೊದಲ ತೆನೆಗಳೆಲ್ಲ ಕಾಣದೆಯೇ ಮಾಡಿದ್ದು."

ರಾಯರು ಹೆಬ್ಬಾಳದ ಕೆರೆಯ ಕಡೆ ನೋಡಿದರು. "ಕನ್ನಡಕ ಮಾಡಿಸ್ಕೊಳ್ಳೋದಲ್ವೇನ್ರೀ?"

"ಮಾಡಿಸಿದೀನಿ. ಇವತ್ತು ನಮ್ಮ ಮನೆಯವಳು ತಗೊಂಡು ಹೋಗಿದ್ದಾಳೆ. ಪರೀಕ್ಷೆ ಇದೆ."

"ಯಾರಿಗೆ?"

"ಅವಳಿಗೇ."

"ನಿಮ್ಮ ಮನೇಲಿ ಒಂದೇ ಕನ್ನಡಕವೇನ್ರೀ?"

"ಹೌದು ಸಾರ್."

ಸೊಣ್ಣಮ್ಮ ಬುಟ್ಟಿಯೊಳಗೆ ಮುಖ ಹಾಕಿ ನಕ್ಕಳು. ರಾಯರು ನಗಲಿಲ್ಲ. ಕೋಟು ಬಿಚ್ಚಿ ಆಕೆಯ ಕೈಗೆ ಕೊಟ್ಟು, ಮೊಣಕಾಲು ಹಿಡಿದುಕೊಂಡು ನನ್ನ ಪಕ್ಕದಲ್ಲಿ ಕೂತರು. ಆಮೇಲೆ ಅವರೇ ಕಿತ್ತರು. ತಮ್ಮ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಒಂದೊಂದು ಸಸಿಯ ಬುಡವನ್ನೂ ಹೆಬ್ಬೆರಳಿನಿಂದ ಸರಿಸಿ ನೋಡಿ, ಹಸಿರು, ಹಸಿರು ಎನ್ನುತ್ತಾ. ನಾನು ಕೇಳುತ್ತಾ ಕೂತೆ. ಸೆಪ್ಟೆಂಬರಿನ ಪರೀಕ್ಷೆಯ ದಿನದ ಸಾಲುಗಳೆಲ್ಲ ಹಸಿರು. ಅದರಾಚೆಯವೂ ಹಸಿರು.

ಕಡೆಯ ಸಾಲಿನಲ್ಲಿ ಅವರು ಸುಮ್ಮನಾದರು. ಒಂದನ್ನು ಬಿಟ್ಟು ಮುಂದೆ ಹೋದರು. ಇನ್ನೊಂದನ್ನು ಬಿಟ್ಟರು.

"ಮೂರಿದೆ ಇಲ್ಲಿ" ಎಂದು ತಮ್ಮ ಕನ್ನಡಕ ತೆಗೆದು ನನಗೆ ಕೊಟ್ಟರು. "ನೋಡಿ."

ಹಾಕಿಕೊಂಡೆ. ಅವರ ಗಾಜಿನಲ್ಲಿ ನೆಲ ಮೇಲೆದ್ದು ಬಂದು ತಲೆ ತಿರುಗಿತು. ಆದರೂ ಬುಡದಲ್ಲಿ ಸಣ್ಣ ಉಂಗುರ ಕಂಡಿತು. ನೇರಳೆ ಹಣ್ಣು ತಿಂದವರ ನಾಲಿಗೆಯ ಬಣ್ಣ. ಮೂರು ಕಡೆ. ಅವುಗಳಲ್ಲಿ ಒಂದರ ಎಲೆ ನನ್ನ ಮೊಣಕಾಲಿಗೆ ತಾಗುತ್ತಿತ್ತು.

"ಮುಂದಿನ ಸಲ ಸೂಜಿ ಮೊಯಿನುದ್ದೀನ್ ಹಿಡೀಲಿ. ನೀವು ಪಕ್ಕದಲ್ಲಿ ಕೂತು ಹೇಳ್ಕೊಡಿ" ಎಂದರು ರಾಯರು, ಕೈಯ ಮಣ್ಣು ಒರೆಸಿಕೊಳ್ಳುತ್ತಾ. "ತಾಕು ಇರುತ್ತೆ. ಉಗ್ರಾಣದ ಮಾತು ಬೇಡ. ಆದ್ರೆ ಕೇಳಿದಾಗ ಹೇಳಬೇಕಾಗಿತ್ತು ಜಯಸಿಂಹ."

"ಹೌದು ಸಾರ್" ಎಂದೆ. ಸೂಜಿಯ ಮಾತು ಬಂದಾಗ ಎದೆಯಲ್ಲಿ ಏನಾದರೂ ಆಗಬಹುದೆಂದು ಕಾದೆ. ಮೊಣಕಾಲು ಮರಗಟ್ಟಿದ್ದಷ್ಟೇ ತಿಳಿಯಿತು.

ಈಗ ಮಧ್ಯಾಹ್ನ. ಷೆಡ್ಡಿನ ಬಾಗಿಲಲ್ಲಿ ಕೂತು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಸಾಲುಗಳು ಒಂದರ ಮೇಲೊಂದು ಬಿದ್ದಿರಬಹುದು. ಮೂರು ಸಸಿಗಳಿಗೆ ಬೇಲಿಯಂತೆ ಕಡ್ಡಿ ಚುಚ್ಚಿ ಸೊಣ್ಣಮ್ಮ ಊಟಕ್ಕೆ ಹೋಗಿದ್ದಾಳೆ. ಮಲ್ಲೇಶ್ವರದಲ್ಲಿ ಎರಡನೆಯ ಪ್ರಶ್ನೆಪತ್ರಿಕೆ ಶುರುವಾಗಿರಬೇಕು. ರಾಯರ ಗಾಜು ಬಿಟ್ಟುಕೊಟ್ಟ ಮೇಲೂ ತಲೆ ಇನ್ನೂ ಸುತ್ತುತ್ತಲೇ ಇದೆ. ಬೇರೆಯವರ ನಂಬರಿನಲ್ಲಿ ಒಂದು ನಿಮಿಷ ಇದ್ದದ್ದಕ್ಕೆ ಹೀಗೆ. ವಹಾಬ್ ಸಾಹೇಬರು ಅವತ್ತು ಅಳೆದದ್ದು ನನ್ನೊಬ್ಬನ ಕಣ್ಣನ್ನು. ಸೆಪ್ಟೆಂಬರಿನಿಂದ ಇವತ್ತಿನವರೆಗೂ ಇದನ್ನು ನಾನು ಕೇಳಿಯೇ ಇಲ್ಲ. ಗೋದಾ, ನನ್ನ ಅಳತೆಯ ಆ ಗಾಜಿನಲ್ಲಿ ನಿನಗೆ ಎಷ್ಟು ಕಾಣುತ್ತದೆ?